ಕಾವೇರುವ ಮೊದಲೇ ಮಣಿಪಾಲ

ಈಚಿನ ಸಣ್ಣ ಪೆಟ್ರೋಲ್ ಕಾರುಗಳ ಬಾನೆಟ್ ಎತ್ತಿದರೆ ಇಂಜಿನ್ನಿನ ಒಂದು ಮಗ್ಗುಲಿಗೆ ತಗಡಿನ ಹೊದಿಕೆ ಕಾಣುತ್ತದೆ. ಅದರಡಿಯಲ್ಲಿ ಸಿಲಿಂಡರುಗಳ ಹೊಗೆಯನ್ನೆಲ್ಲ ಒಂದೆಡೆ ಸೇರಿಸುವ ಮ್ಯಾನಿಫೋಲ್ಡ್ ಇರುತ್ತದೆ. ಅದು ಮುಗಿದಲ್ಲೇ, ಗೇಣು ಅಂತರವನ್ನೂ ಬಿಡದೆ, ಒಂದು ಉಬ್ಬಿದ ಡಬ್ಬಿ. ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಅದೇ, ಗ್ಯಾರೇಜಿನ ಮಾತಿನಲ್ಲಿ ಕ್ಯಾಟ್. ಹಲವು ಕಾರುಗಳಲ್ಲಿ ಮ್ಯಾನಿಫೋಲ್ಡೂ ಕ್ಯಾಟೂ ಬೆಸೆದುಕೊಂಡು ಒಂದೇ ಭಾಗವಾಗಿ ಬರುತ್ತವೆ.

ಹಾಗಾಗಿ, ಮ್ಯಾನಿಫೋಲ್ಡಿನ ಬದಲು ಹೆಡರ್ ಎಂಬ ಉದ್ದ ಪೈಪುಗಳ ಗೊಂಚಲು ಹಾಕಿಸಬೇಕು ಅಂತ ಗ್ಯಾರೇಜಿಗೆ ಬರುವವರು ತಿಳಿದೋ ತಿಳಿಯದೆಯೋ ಕ್ಯಾಟ್ ಬಿಚ್ಚಿಸಲು ಬಂದವರೇ. ಕಂಪನಿಯ ಮ್ಯಾನಿಫೋಲ್ಡ್ ಕಳಚಿದರೆ ಅದರ ಬುಡಕ್ಕೆ ಅಂಟಿದ ಕ್ಯಾಟ್ ಕೂಡ ಕೈಗೆ ಬರುತ್ತದೆ. ಮುಂದೆ ಎರಡು ದಾರಿ. ಕ್ಯಾಟ್ ಇಲ್ಲದೆ ಬರೀ ಪೈಪ್ ಜೋಡಿಸಿ ಕಳಿಸುವುದು ಒಂದು. ಅದರಲ್ಲಿ ವಿಜ್ಞಾನವೇನೂ ಇಲ್ಲ, ಕಾನೂನು ಮುರಿಯುವುದಷ್ಟೇ ಇದೆ. ಹೆಡರ್ ಆದಮೇಲೆ ಎಲ್ಲಾದರೂ ಒಂದು ಕಡೆ, ಅಂಗಡಿಯಲ್ಲಿ ಸಿಗುವ ಬೇರೆ ಕ್ಯಾಟ್ ಕೂರಿಸುವುದು ಇನ್ನೊಂದು. ಈ ಅಧ್ಯಾಯ ಎರಡನೆಯದರ ಬಗ್ಗೆ. ತಕರಾರೆಲ್ಲ ಇರುವುದು ಆ ‘ಎಲ್ಲಾದರೂ ಒಂದು ಕಡೆ’ಯಲ್ಲಿ.

ಮೊದಲು ಹೆಡರ್ ಏನು ಮಾಡುತ್ತದೆ ನೋಡೋಣ. ಇಂಜಿನ್ನಿನಿಂದ ಹೊಗೆ ಸಮನಾಗಿ ಹರಿದು ಬರುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಸೆಕೆಂಡಿನ ಸಾವಿರದ ಐದು ಪಾಲಿಗೊಮ್ಮೆ ಒಂದಲ್ಲ ಒಂದು ವಾಲ್ವ್ ತೆರೆದು ಒತ್ತಡದ ಅಲೆಯೊಂದು ಪೈಪಿಗೆ ನುಗ್ಗುತ್ತದೆ. ಬಿಸಿ ಹೊಗೆಯಲ್ಲಿ ಆ ಅಲೆಯ ವೇಗ ಸೆಕೆಂಡಿಗೆ ಸುಮಾರು 600 ಮೀಟರ್, ಅಂದರೆ ಹೊರಗಿನ ಗಾಳಿಯಲ್ಲಿ ಶಬ್ದ ಓಡುವುದಕ್ಕಿಂತ ಎಷ್ಟೋ ಹೆಚ್ಚು. ಮುಂದಿನ ವಾಲ್ವ್ ತೆರೆಯುವಷ್ಟರಲ್ಲಿ ಅದು ಮೂರು ಮೀಟರ್ ಸಾಗಿರುತ್ತದೆ. ಗಿಡ್ಡ ಮ್ಯಾನಿಫೋಲ್ಡಿನಲ್ಲಿ ಈ ಅಲೆಗಳು ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತವೆ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡು ಬಸ್ಸು ಒಂದೇ ನಿಮಿಷಕ್ಕೆ ಒಂದೇ ಸ್ಟಾಪಿಗೆ ಬಂದರೆ ಎರಡಕ್ಕೂ ನಷ್ಟ. ನಡುವೆ ಸರಿಯಾದ ಅಂತರ ಇದ್ದರೆ ಇಬ್ಬರು ಕಂಡಕ್ಟರುಗಳಿಗೂ ನೆಮ್ಮದಿ. ಹೆಡರ್ ಮಾಡುವುದು ಈ ಅಂತರ ಕಾಯುವ ಕೆಲಸ. ಸಿಲಿಂಡರುಗಳು 1-3-4-2ರ ಸರದಿಯಲ್ಲಿ ಉರಿಯುವುದರಿಂದ 1ನ್ನು 4ರ ಜೊತೆ, 2ನ್ನು 3ರ ಜೊತೆ ಸೇರಿಸಿ, ಆ ಎರಡು ಪೈಪುಗಳನ್ನು ಮತ್ತೆ ಒಂದಾಗಿಸಿದರೆ ಜೋಡಿಗಳ ಬಡಿತಗಳು ಒಂದಕ್ಕೊಂದು ತಾಗುವುದಿಲ್ಲ. ಇದೇ ನಾಲ್ಕು-ಎರಡು-ಒಂದರ ಹೆಡರ್.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಕ್ಕಟ್ಟಾದ ಪೈಪಿನಿಂದ ಅಗಲವಾದ ಜಾಗಕ್ಕೆ ಬಂದ ಒತ್ತಡದ ಅಲೆ ಅಲ್ಲಿಂದ ತಿರುಗಿ ಹೊರಡುವಾಗ ತಗ್ಗಿದ ಒತ್ತಡವಾಗಿರುತ್ತದೆ. ಈ ಮರುಅಲೆ ಸರಿಯಾದ ಗಳಿಗೆಗೆ ವಾಲ್ವಿನ ಬಾಯಿಗೆ ತಲುಪಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ತೆಗೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಪೈಪುಗಳ ಉದ್ದವನ್ನು ಅಳೆದು ಬಾಗಿಸುವುದು ಇದಕ್ಕೇ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಎಂಐಟಿಯ ವಿದ್ಯಾರ್ಥಿಗಳ ಫಾರ್ಮುಲಾ ಮಣಿಪಾಲ್ ತಂಡ ಕಟ್ಟುವಂಥ ಕಾರುಗಳಲ್ಲಿ ಪೈಪಿನ ಉದ್ದಕ್ಕೆ ತುಂಬಾ ಬೆಲೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ನಿಯಮದಂತೆ ಪೆಟ್ರೋಲ್ ಇಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ಕಿಂಡಿಯ ಮೂಲಕವೇ ಹೋಗಬೇಕು. ಒಳಗೆ ಬರುವ ದಾರಿ ಅಷ್ಟು ಕಿರಿದಾದಾಗ ಹೊರಗೆ ಹೋಗುವ ದಾರಿಯ ಚಾಕಚಕ್ಯವೇ ಗತಿ. ಆ ಸ್ಪರ್ಧೆಯಲ್ಲಿ ಶಬ್ದವನ್ನು ಅಳೆಯುತ್ತಾರೆ, ಕ್ಯಾಟ್ ಕೇಳುವುದಿಲ್ಲ. ಬೀದಿಯ ಕಾರಿಗೆ ಆ ಸಲುಗೆ ಇಲ್ಲ.

ಅಲೆಗಳು ಒಂದಾಗುವ ಜಾಗದಲ್ಲೇ ಕ್ಯಾಟ್ ಕೂತರೆ ಬಡಿತವೆಲ್ಲ ಮೊಂಡಾಗುತ್ತದೆ. ಆದ್ದರಿಂದ ಹೆಡರ್ ಮಾಡುವವರು ಕ್ಯಾಟನ್ನು ಆದಷ್ಟು ದೂರ, ಕಾರಿನ ಹೊಟ್ಟೆಯಡಿಗೆ ತಳ್ಳುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿ. ಕ್ಯಾಟಿನ ಲೆಕ್ಕ ಬೇರೆ.

ಕ್ಯಾಟಿನೊಳಗಿರುವುದು ಕಾರ್ಡಿಯರೈಟ್ ಎಂಬ ಸೆರಾಮಿಕ್ಕಿನ ಇಟ್ಟಿಗೆ, ಜೇನುಗೂಡಿನಂಥದ್ದು. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400 ಕಿಂಡಿ. ಕಿಂಡಿಗಳ ಗೋಡೆಗೆ ಅಲ್ಯೂಮಿನಾದ ಲೇಪ, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನ ಕಣ್ಣಿಗೆ ಕಾಣದ ಕಣಗಳು. ಲೇಪ ತೆಳುವಾದರೂ ಅದರ ತುಂಬ ರಂಧ್ರಗಳು. ಒಂದು ಗ್ರಾಂ ಲೇಪದಲ್ಲಿ ನೂರು ಚದರ ಮೀಟರಿನಷ್ಟು ಮೇಲ್ಮೈ ಅಡಗಿರುತ್ತದೆ. ಒಂದು ಲೀಟರ್ ಗಾತ್ರದ ಇಟ್ಟಿಗೆಗೆ ನೂರೈವತ್ತು ಗ್ರಾಂ ಲೇಪ ಹಿಡಿದರೂ ಹೊಗೆಗೆ ತಾಗುವ ಮೈ ಮೂರೂವರೆ ಎಕರೆ ದಾಟುತ್ತದೆ. ಅಲ್ಲಿ ನಡೆಯುವ ಕೆಲಸ ಮೂರು: ಕಾರ್ಬನ್ ಮೊನಾಕ್ಸೈಡನ್ನು ಉರಿಸಿ ಕಾರ್ಬನ್ ಡೈಆಕ್ಸೈಡ್ ಮಾಡುವುದು, ಉರಿಯದೆ ಉಳಿದ ಪೆಟ್ರೋಲಿನ ಆವಿಯನ್ನು ನೀರು ಮತ್ತು ಕಾರ್ಬನ್ ಡೈಆಕ್ಸೈಡಾಗಿ ಒಡೆಯುವುದು, ನೈಟ್ರೋಜನ್ ಆಕ್ಸೈಡುಗಳಿಂದ ಆಮ್ಲಜನಕ ಕಿತ್ತು ಬರೀ ನೈಟ್ರೋಜನ್ ಬಿಡುವುದು. ಮೂರನೆಯ ಕೆಲಸದಲ್ಲಿ ರೋಡಿಯಂನ ಕೈ ದೊಡ್ಡದು. ರೋಡಿಯಂ ಬಲು ದುಬಾರಿ. ಅಗ್ಗದ ಕ್ಯಾಟುಗಳಲ್ಲಿ ಮೊದಲು ಕಡಿಮೆಯಾಗುವುದು ಇದೇ.

ಫ್ರಾನ್ಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಯೂಜಿನ್ ಹೂಡ್ರಿ 1950ರ ದಶಕದಲ್ಲೇ ಕಾರಿನ ಹೊಗೆಗೆ ಇಂಥದೊಂದು ಉಪಾಯ ಮಾಡಿ ಪೇಟೆಂಟ್ ಪಡೆದಿದ್ದ. ನಡೆಯಲಿಲ್ಲ, ಏಕೆಂದರೆ ಅಂದಿನ ಪೆಟ್ರೋಲಿನಲ್ಲಿ ಸೀಸ ಇತ್ತು. ಸೀಸ ಈ ಲೋಹಗಳ ಮೈಗೆ ಮೆತ್ತಿಕೊಂಡರೆ ಕ್ಯಾಟ್ ಸತ್ತಂತೆ. ನಮ್ಮಲ್ಲಿ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್ ಕಡ್ಡಾಯವಾಯಿತು, ಅವಕ್ಕಾಗಿ ಸೀಸವಿಲ್ಲದ ಪೆಟ್ರೋಲೂ ಬಂತು. ದೇಶದ ಎಲ್ಲ ಬಂಕುಗಳಿಂದ ಸೀಸ ಹೋದದ್ದು 2000ದ ಫೆಬ್ರವರಿಯಲ್ಲಿ. 2020ರ ಏಪ್ರಿಲಿನಲ್ಲಿ ಬಿಎಸ್-6 ಎಂಬ ಹೊಗೆಯ ಮಾನದಂಡ ಬಂದಾಗ ಪೆಟ್ರೋಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಗಂಧಕವೂ ಕ್ಯಾಟಿಗೆ ಆಗದ ವಸ್ತು.

ಇಷ್ಟೆಲ್ಲ ಇದ್ದರೂ ತಣ್ಣಗಿರುವ ಕ್ಯಾಟ್ ಏನೂ ಮಾಡುವುದಿಲ್ಲ. 250ರಿಂದ 300 ಡಿಗ್ರಿ ಮುಟ್ಟುವವರೆಗೆ ಅದು ಹೊಗೆ ಹಾದುಹೋಗುವ ಒಂದು ಡಬ್ಬಿ, ಅಷ್ಟೆ. ಕಾರು ತಯಾರಕರು ಅದನ್ನು ಇಂಜಿನ್ನಿಗೆ ಅಂಟಿಸಿ ಕೂರಿಸುವುದು ಈ ಕಾರಣಕ್ಕೆ. ಸ್ಟಾರ್ಟ್ ಮಾಡಿದೊಡನೆ ಇಂಜಿನ್ ಸ್ವಲ್ಪ ಜೋರಾಗಿ ಗುರುಗುಟ್ಟುವುದೂ ಇದಕ್ಕೇ. ಇಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಗಳಿಗೆಯನ್ನು ಬೇಕೆಂದೇ ತಡಮಾಡಿ, ಬೇಕೆಂದೇ ಬಿಸಿ ಹೊಗೆ ಕಳಿಸಿ ಕ್ಯಾಟನ್ನು ಕಾಯಿಸುತ್ತಿರುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ಅದು ಕೆಲಸಕ್ಕೆ ಇಳಿಯಬೇಕು ಎಂಬುದು ಉದ್ದೇಶ. ಕಾರಿನ ಹೊಗೆ ಪರೀಕ್ಷೆ ಮಾಡುವ ಪ್ರಯೋಗಶಾಲೆಗಳಲ್ಲಿ ಉರಿಯದ ಪೆಟ್ರೋಲಿನ ಬಹುಪಾಲು ಹೊರಬೀಳುವುದು ಮೊದಲ ಒಂದೆರಡು ನಿಮಿಷದಲ್ಲೇ.

ಈಗ ಹೆಡರ್ ಹಾಕಿ ಕ್ಯಾಟನ್ನು ಮೂರಡಿ ಹಿಂದಕ್ಕೆ ತಳ್ಳಿದೆವು ಅನ್ನಿ. ನಡುವಿನ ಪೈಪುಗಳ ತೂಕ ಸುಮಾರು ಐದು ಕಿಲೋ. ಅಷ್ಟು ಉಕ್ಕನ್ನು 300 ಡಿಗ್ರಿಯಷ್ಟು ಬಿಸಿ ಮಾಡಲು 750 ಕಿಲೋಜೂಲ್ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 32,000 ಕಿಲೋಜೂಲ್ ಇರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಹಾಗಾದರೆ ಪೈಪು ಕಾಯಿಸಲಿಕ್ಕೇ ಸುಮಾರು 70 ಮಿಲಿಲೀಟರ್ ಪೆಟ್ರೋಲ್ ಉರಿಯಬೇಕು. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರಿಗೆ ಇದು ಒಂದು ಕಿಲೋಮೀಟರಿಗಿಂತ ಹೆಚ್ಚಿನ ಓಟ. ಲೆಕ್ಕ ಒರಟು, ಅದೂ ಕ್ಯಾಟಿನ ಪರವಾಗಿಯೇ ಒರಟು: ಹೊಗೆಯ ಬಿಸಿಯನ್ನೆಲ್ಲ ಉಕ್ಕು ಹೀರಿಕೊಳ್ಳುತ್ತದೆ, ಹೊರಗಿನ ಗಾಳಿಗೆ ಸ್ವಲ್ಪವೂ ಸೋರುವುದಿಲ್ಲ ಎಂದು ಹಿಡಿದದ್ದು. ನಿಜದಲ್ಲಿ ಇನ್ನೂ ತಡವಾಗುತ್ತದೆ. ಆಮೇಲೆ ಕ್ಯಾಟಿನ ಇಟ್ಟಿಗೆಯೇ ಕಾಯಬೇಕು.

ಉಡುಪಿಯಿಂದ ಮಣಿಪಾಲಕ್ಕೆ ಇರುವ ದಾರಿ ಐದು ಕಿಲೋಮೀಟರಿನ ಸುಮಾರು. ಕಲ್ಸಂಕದ ಟ್ರಾಫಿಕ್, ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ, ಆಮೇಲೆ ಏರು. ಬೆಳಿಗ್ಗೆ ತಣ್ಣಗಿನ ಕಾರನ್ನು ಮನೆಯಿಂದ ತೆಗೆದು ಟೈಗರ್ ಸರ್ಕಲ್ಲಿಗೆ ಹೋಗಿ ನಿಲ್ಲಿಸಿ, ಸಂಜೆ ಮತ್ತೆ ತಣ್ಣಗಿನ ಕಾರಿನಲ್ಲಿ ಇಳಿದು ಬರುವವರಿಗೆ ಹಿಂದೆ ತಳ್ಳಿದ ಕ್ಯಾಟ್ ಪ್ರಯಾಣದ ದೊಡ್ಡ ಪಾಲಿನಲ್ಲಿ ನಿದ್ದೆಯಲ್ಲಿರುತ್ತದೆ. ಅದೇ ಕಾರು ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ದಿನಾ ಹೋಗಿಬರುವುದಾದರೆ, ಮೂವತ್ತೈದು ಕಿಲೋಮೀಟರ್ ಮೀರಿದ ಆ ದಾರಿಯಲ್ಲಿ ಮೊದಲ ಕೆಲವು ನಿಮಿಷದ ಕೊರತೆ ದೊಡ್ಡದಾಗಿ ಕಾಣುವುದಿಲ್ಲ. ಒಂದೇ ಹೆಡರ್, ಒಂದೇ ಕ್ಯಾಟ್, ಒಂದೇ ವೆಲ್ಡಿಂಗ್. ಕಾರಿನ ಒಡೆಯ ದಿನಾ ಯಾವ ದಾರಿಯಲ್ಲಿ ಹೋಗುತ್ತಾನೆ ಎಂಬುದರ ಮೇಲೆ ಅದು ಬೇರೆ ಬೇರೆ ಯಂತ್ರ. ಹೊಗೆ ಸಲೀಸಾಗಿ ಹರಿಯಲು ಬಿಡುವ ‘ಹೈ ಫ್ಲೋ’ ಕ್ಯಾಟ್ ಮಾರುವವರು ಕುದುರೆಶಕ್ತಿ ಎಷ್ಟು ಸಿಗುತ್ತದೆ ಅಂತ ಹೇಳುತ್ತಾರೆ, ನೀವು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಅಂತ ಕೇಳುವುದಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಹೆಡರ್ ಪರವಾಗಿಯೂ ಒಂದು ಮಾತು ಹೇಳಬೇಕು. ಹಳೆಯ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಬಲು ಭಾರ, ತಾನೇ ಬಿಸಿ ನುಂಗುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಪೈಪ್ ಅದಕ್ಕಿಂತ ಬೇಗ ಕಾಯುತ್ತದೆ. ಪೈಪನ್ನು ಗಿಡ್ಡ ಮಾಡಿ, ಅಲೆಗಳು ಒಂದಾದ ಕೂಡಲೇ ಕ್ಯಾಟ್ ಕೂರಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಒಂದಿಷ್ಟು ಕಳೆದುಕೊಂಡು ಕಾವನ್ನು ಉಳಿಸಿಕೊಳ್ಳಬಹುದು. ಕಲ್ಸಂಕದ ಟ್ರಾಫಿಕ್ಕಿನಲ್ಲಿ ಯಾರೂ 6,000 ಆರ್‌ಪಿಎಂ ಮುಟ್ಟುವುದಿಲ್ಲವಲ್ಲ! ಸರಿಯಾದ ಗಾತ್ರದ 400 ಕಿಂಡಿಯ ಕ್ಯಾಟಿನಿಂದ ಬೀದಿ ಕಾರಿಗೆ ಆಗುವ ಶಕ್ತಿನಷ್ಟ ಚಾಲಕನ ಕಾಲಿಗೆ ತಿಳಿಯುವಷ್ಟಿರುವುದಿಲ್ಲ. 200 ಕಿಂಡಿಯದು ಹಾಕಿದರೆ ಹೊಗೆಗೆ ದಾರಿ ಸಲೀಸು, ಆದರೆ ತಾಗುವ ಮೈ ಕಡಿಮೆ. ಅದರಲ್ಲೂ ಬೆಲೆಬಾಳುವ ಲೋಹ ಎಷ್ಟಿದೆ ಎಂಬುದು ಡಬ್ಬಿಯ ಹೊರಗಿನಿಂದ ಗೊತ್ತಾಗುವುದಿಲ್ಲ.

ಕ್ಯಾಟಿಗೆ ಕಾವಿನಷ್ಟೇ ಮುಖ್ಯವಾದದ್ದು ಗಾಳಿ-ಪೆಟ್ರೋಲಿನ ಹದ. 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲ್, ಅದರ ಆಚೀಚಿನ ತೀರ ಇಕ್ಕಟ್ಟಾದ ಪಟ್ಟಿಯಲ್ಲಿ ಮಾತ್ರ ಮೂರೂ ಕೆಲಸ ಒಟ್ಟಿಗೆ ನಡೆಯುತ್ತವೆ. ಆಮ್ಲಜನಕ ಹೆಚ್ಚಾದರೆ ನೈಟ್ರೋಜನ್ ಆಕ್ಸೈಡ್ ಹಾಗೇ ದಾಟಿಹೋಗುತ್ತದೆ, ಕಡಿಮೆಯಾದರೆ ಮೊನಾಕ್ಸೈಡ್ ದಾಟಿಹೋಗುತ್ತದೆ. ಈ ಹದವನ್ನು ಕಾಯುವುದು ಹೆಡರಿನಲ್ಲಿ ಕೂತು ಹೊಗೆಯ ಆಮ್ಲಜನಕ ನೋಡುವ ಓ2 ಸೆನ್ಸರ್. ಗ್ಯಾರೇಜುಗಳಲ್ಲಿ ಹಲವು ಕ್ಯಾಟುಗಳು ಹಾಳಾಗುವ ಕಥೆ ಇಲ್ಲಿಂದ ಶುರು. ಹೆಡರಿನ ಫ್ಲೇಂಜಿನಡಿಯ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಸಂದು ಉಳಿಯಿತು ಅನ್ನಿ. ಒತ್ತಡದ ಅಲೆ ಬಂದಾಗ ಅಲ್ಲಿಂದ ಹೊಗೆ ಹೊರಬಂದು ‘ಟಿಕ್ ಟಿಕ್’ ಎನ್ನುತ್ತದೆ. ಅದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಹಿಂದೆಯೇ ತಗ್ಗಿದ ಒತ್ತಡ ಬಂದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದು ಯಾರಿಗೂ ಕೇಳಿಸುವುದಿಲ್ಲ. ಸೆನ್ಸರಿಗೆ ಆ ಗಾಳಿ ತಾಗಿ, ಪೆಟ್ರೋಲ್ ಸಾಲದೆಂದು ಅದು ವರದಿ ಕೊಡುತ್ತದೆ. ಕಂಪ್ಯೂಟರ್ ನಂಬಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಹೆಚ್ಚಾದ ಪೆಟ್ರೋಲೂ ಸಂದಿನಿಂದ ಬಂದ ಆಮ್ಲಜನಕವೂ ಕ್ಯಾಟಿನೊಳಗೆ ಸೇರಿ ಅಲ್ಲೇ ಉರಿಯುತ್ತವೆ. ಸಾವಿರ ಡಿಗ್ರಿ ದಾಟಿದರೆ ಲೇಪದ ರಂಧ್ರಗಳು ಮುಚ್ಚಿಹೋಗಿ ಲೋಹದ ಕಣಗಳು ಗುಡ್ಡೆಗಟ್ಟುತ್ತವೆ. ಇನ್ನೂ ಏರಿದರೆ ಜೇನುಗೂಡೇ ಕರಗಿ ಪೈಪ್ ಕಟ್ಟಿಕೊಳ್ಳುತ್ತದೆ. ಆಗ ಪಿಕಪ್ ಸತ್ತುಹೋದ ಕಾರು ತಂದು ಕ್ಯಾಟ್ ಸರಿಯಿರಲಿಲ್ಲ ಎನ್ನುತ್ತಾರೆ. ತಪ್ಪು ಗ್ಯಾಸ್ಕೆಟ್ಟಿನದು.

ಸಂದು ಮುಚ್ಚಲು ಸಿಲಿಕೋನ್ ಪೇಸ್ಟ್ ಬಳಿಯುವುದು ಇನ್ನೂ ಕೇಡು. ಬಿಸಿಗೆ ಅದರಿಂದ ಹೊರಡುವ ಆವಿ ಸೆನ್ಸರಿನ ಮೇಲೂ ಕ್ಯಾಟಿನ ಮೇಲೂ ಗಾಜಿನಂಥ ಪೊರೆ ಕಟ್ಟುತ್ತದೆ. ಎರಡೂ ಹೋದಂತೆ.

ಕ್ಯಾಟಿನ ಹಿಂದೆ ಇನ್ನೊಂದು ಸೆನ್ಸರ್ ಇರುತ್ತದೆ. ಕ್ಯಾಟ್ ಆಮ್ಲಜನಕವನ್ನು ಹಿಡಿದಿಟ್ಟು ಬಿಡುವ ಗುಣ ಉಳಿಸಿಕೊಂಡಿದೆಯೇ ಎಂದು ನೋಡುವ ಕಾವಲುಗಾರ ಅದು. ಆ ಗುಣ ಕೊಡುವುದು ಲೇಪದಲ್ಲಿರುವ ಸೀರಿಯಂ ಆಕ್ಸೈಡ್. ಅಗ್ಗದ ಕ್ಯಾಟಿನಲ್ಲಿ ಅದು ಸಾಲದೆ ಬಂದರೆ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಉರಿಯುತ್ತದೆ. ಆಗ ಸ್ಪೇಸರ್ ಎಂಬ ಪುಟ್ಟ ಕೊಳವೆ ಸಿಕ್ಕಿಸಿ ಸೆನ್ಸರನ್ನು ಹೊಗೆಯ ಹಾದಿಯಿಂದ ದೂರ ಸರಿಸುತ್ತಾರೆ. ಏರಿಳಿತ ಕಡಿಮೆ ಕಂಡು ಕಂಪ್ಯೂಟರ್ ಸುಮ್ಮನಾಗುತ್ತದೆ. ಜ್ವರ ಇಳಿಸದೆ ಥರ್ಮಾಮೀಟರ್ ತೆಗೆದಿಟ್ಟ ಈ ಚಿಕಿತ್ಸೆಗೆ ನಮ್ಮಲ್ಲಿ ಗಿರಾಕಿಗಳು ಬಹಳ.

ಈ ಸೀರಿಯಂ ಆಕ್ಸೈಡಿನ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹಳ ಒಳ್ಳೆಯ ಕೆಲಸ ನಡೆದಿದೆ. ಅಲ್ಲಿನ ಕೆ. ಸಿ. ಪಾಟೀಲರ ಗುಂಪು 1988ರಲ್ಲಿ ಒಂದು ಬೆರಗಿನ ವಿಧಾನ ಪ್ರಕಟಿಸಿತು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಒಲೆಗೆ ಇಡುವುದು. ದ್ರಾವಣ ಕುದಿದು, ನೊರೆಯುಕ್ಕಿ, ತಾನೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಐದು ನಿಮಿಷದೊಳಗೆ ಹಗುರಾದ ಬಿಳಿ ಅಲ್ಯೂಮಿನಾ ಸಿದ್ಧ. ಗದ್ದೆಗೆ ಹಾಕುವ ಗೊಬ್ಬರವೇ ಇಲ್ಲಿ ಇಂಧನ. ಅದೇ ಸಂಸ್ಥೆಯ ಎಂ. ಎಸ್. ಹೆಗ್ಡೆ ಮತ್ತು ಸಂಗಡಿಗರು ಈ ವಿಧಾನದಲ್ಲಿ ಸೀರಿಯಂ ಆಕ್ಸೈಡಿನ ಹರಳಿನೊಳಗೇ ಪಲ್ಲೇಡಿಯಂ ಕೂರಿಸಿದರು. ಮೇಲೆ ಕೂತ ಲೋಹದ ಕಣವಾಗಿ ಅಲ್ಲ, ಹರಳಿನ ಜಾಲದಲ್ಲಿ ಸೀರಿಯಂನ ಜಾಗ ಹಿಡಿದ ಅಯಾನ್ ಆಗಿ. ನೂರು ಜಾಗಗಳಲ್ಲಿ ಎರಡು ಮಾತ್ರ. ಅಂಥ ಲೇಪವನ್ನು ಕಾರ್ಡಿಯರೈಟ್ ಜೇನುಗೂಡಿನ ಮೇಲೆ ನೇರವಾಗಿ ಬೆಳೆಸಿಯೂ ತೋರಿಸಿದರು. ಒಂದೊಂದೇ ಅಯಾನ್ ಆಗಿ ಹರಡಿದರೆ ಅಷ್ಟೇ ಲೋಹ ಹೆಚ್ಚು ಕೆಲಸಕ್ಕೆ ಬರುತ್ತದೆ. ಲೋಹದ ಕಣದೊಳಗೆ ಹೂತುಹೋಗಿ ದಂಡವಾಗುವುದು ಕಡಿಮೆ. ದುಬಾರಿ ಲೋಹವನ್ನು ಕಡಿಮೆ ಬಳಸಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ನನಗೆ ತೋಚುವುದಿಲ್ಲ.

ಜೋಡಣೆಯ ಕೆಲಸಕ್ಕೆ ಬರೋಣ. ಕಾರ್ಡಿಯರೈಟ್ ಬಿಸಿಗೆ ಹಿಗ್ಗುವುದು ತೀರ ಅಲ್ಪ, ಸುತ್ತಲಿನ ಉಕ್ಕು ಚೆನ್ನಾಗಿ ಹಿಗ್ಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ಸಿನ ಒಂದು ಮೀಟರ್ ಪೈಪ್ 600 ಡಿಗ್ರಿ ಏರಿದರೆ ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. 409 ದರ್ಜೆಯದು ಏಳು ಮಿಲಿಮೀಟರ್. ಕ್ಯಾಟಿನ ಒಳಗೆ ಇಟ್ಟಿಗೆ ಅಲುಗಾಡದಂತೆ ಬಿಸಿಗೆ ಉಬ್ಬುವ ವರ್ಮಿಕ್ಯುಲೈಟಿನ ಚಾಪೆ ಸುತ್ತಿರುತ್ತಾರೆ. ಡಬ್ಬಿಯ ಮೈಗೆ ನೇರವಾಗಿ ಬೆಸುಗೆಯ ಬಿಸಿ ಕೊಟ್ಟರೆ ಆ ಚಾಪೆ ಸುಟ್ಟು ಇಟ್ಟಿಗೆ ಗಲಗಲ ಅನ್ನತೊಡಗುತ್ತದೆ. ಹೊರಗಿನ ಒಂದು ಸೆಂಟಿಮೀಟರನ್ನು ನುಂಗಲು ಕ್ಯಾಟಿನ ಮುಂದೆ ಜಾಲರಿ ಸುತ್ತಿದ ಫ್ಲೆಕ್ಸ್ ಪೈಪ್ ಬೇಕು, ಇಲ್ಲದಿದ್ದರೆ ಹೆಡರಿನ ಬೆಸುಗೆ ಬಿರಿಯುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡುವಾಗ ಪೈಪಿನ ಹೊರಗೆ ಮಾತ್ರವಲ್ಲ, ಒಳಗೂ ಆರ್ಗಾನ್ ತುಂಬಬೇಕು. ಇಲ್ಲವಾದರೆ ಒಳಮೈಯಲ್ಲಿ ಕರಿ ಹರಳು ಕಟ್ಟಿ, ಮುಂದೆ ಉದುರಿ, ಜೇನುಗೂಡಿನ ಬಾಯಿಗೆ ಬಂದು ಕೂರುತ್ತದೆ. ಸೆನ್ಸರನ್ನು ಪೈಪಿನ ಮೇಲ್ಭಾಗಕ್ಕೆ ಓರೆಯಾಗಿ ಕೂರಿಸಬೇಕು, ಕೆಳಭಾಗದಲ್ಲಿ ಅಲ್ಲವೇ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ತಣ್ಣಗಿನ ಪೈಪಿನಲ್ಲಿ ಆ ಆವಿ ಹನಿಯಾಗಿ ನಿಲ್ಲುತ್ತದೆ, ಕಾದ ಸೆನ್ಸರಿನ ಸೆರಾಮಿಕ್ಕಿಗೆ ಒಂದು ಹನಿ ತಾಗಿದರೂ ಬಿರುಕು.

ಕಾನೂನಿನ ವಿಷಯ ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊಗೆ ಮತ್ತು ಶಬ್ದದ ಮಿತಿ ಮೀರಿದರೆ 190ನೇ ಸೆಕ್ಷನ್ನಿನಲ್ಲಿ ದಂಡ ಹತ್ತು ಸಾವಿರ ರೂಪಾಯಿವರೆಗೆ ಹೋಗುತ್ತದೆ. ಕ್ಯಾಟ್ ಇದೆ ಎಂದಮಾತ್ರಕ್ಕೆ ಹೆಡರ್ ಕಾನೂನುಬದ್ಧವಾಗುವುದಿಲ್ಲ. ಎಮಿಷನ್ ಟೆಸ್ಟಿನಲ್ಲಿ ಪಾಸಾದೆ ಎಂಬುದೂ ಪೂರ್ತಿ ಸಮಾಧಾನ ಅಲ್ಲ. ಅಲ್ಲಿ ಬಾಲಕ್ಕೆ ಸಿಕ್ಕಿಸುವ ಕೊಳವೆ ಪೆಟ್ರೋಲ್ ಕಾರಿನ ಮೊನಾಕ್ಸೈಡನ್ನೂ ಉರಿಯದ ಹೈಡ್ರೋಕಾರ್ಬನ್ನನ್ನೂ ಅಳೆಯುತ್ತದೆ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಅಳತೆಯೂ ಓಡಿಬಂದ ಬಿಸಿ ಇಂಜಿನ್ನಿನದು. ರೋಡಿಯಂ ಇಲ್ಲದ, ತಡವಾಗಿ ಕಾಯುವ ಕ್ಯಾಟ್ ಆ ಎರಡು ನಿಮಿಷ ಒಳ್ಳೆಯ ಹುಡುಗನ ಹಾಗೆಯೇ ಇರುತ್ತದೆ.

ಕರಾವಳಿಯ ಗ್ಯಾರೇಜಿಗೆ ಇನ್ನೂ ಎರಡು ಚಿಂತೆಗಳಿವೆ. ಒಂದು ಉಪ್ಪು. ಕಾಪುವಿನಂಥ ಕಡಲಂಚಿನಲ್ಲಿ ನಿಲ್ಲುವ ಕಾರಿನ ಅಡಿಭಾಗಕ್ಕೆ ವರ್ಷವಿಡೀ ಉಪ್ಪುಗಾಳಿ, ಮಳೆಗಾಲದಲ್ಲಿ ಹೆದ್ದಾರಿಯ ಕೆಸರು. ಬರೀ ಕಬ್ಬಿಣದ ಹೆಡರಿಗೆ ಬೆಳ್ಳಿಬಣ್ಣ ಬಳಿದರೆ ಒಂದೆರಡು ಮಳೆಗಾಲದಲ್ಲಿ ಕಥೆ ಮುಗಿಯುತ್ತದೆ. 409 ಕೆಂಪಾಗುತ್ತದೆ, ಆದರೆ ಬೇಗ ತೂತಾಗುವುದಿಲ್ಲ. 304 ಹೆಚ್ಚು ತಡೆಯುತ್ತದೆ. ಕಾವು ಉಳಿಸಲೆಂದು ಹೆಡರಿಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತುವುದು ಒಣ ಊರಿನ ಉಪಾಯ. ಇಲ್ಲಿ ಅದು ಉಪ್ಪುನೀರು ಹಿಡಿದಿಟ್ಟು ಪೈಪಿಗೆ ಮೆತ್ತುತ್ತದೆ. ಕಾವೇ ಬೇಕಾದರೆ ಸೆರಾಮಿಕ್ ಲೇಪ ಹಾಕಿಸುವುದು ಮೇಲು, ಖರ್ಚು ಜಾಸ್ತಿಯಾದರೂ.

ಇನ್ನೊಂದು ಹುಲ್ಲು. ಕಂಪನಿಯ ಕ್ಯಾಟ್ ಬಾನೆಟ್ಟಿನೊಳಗೆ ಮೇಲೆ ಇತ್ತು. ಹೊಸದು ನೆಲಕ್ಕೆ ಹತ್ತಿರ ಬಂತು. ಕಾರ್ಕಳದ ಸುತ್ತಿನ ಪದವುಗಳಲ್ಲಿ ಫೆಬ್ರವರಿ, ಮಾರ್ಚಿನ ಹೊತ್ತಿಗೆ ಮುಳಿಹುಲ್ಲು ಒಣಗಿ ಮೊಣಕಾಲೆತ್ತರ ನಿಂತಿರುತ್ತದೆ. ಮಾಳದ ಘಟ್ಟ ಹತ್ತಿಳಿದು ಬಂದು ಅದರ ಮೇಲೆ ಕಾರು ನಿಲ್ಲಿಸಿದರೆ ಐನೂರು ಡಿಗ್ರಿ ಮೀರಿದ ಡಬ್ಬಿಗೂ ಹುಲ್ಲಿಗೂ ನಡುವೆ ಏನೂ ಇರುವುದಿಲ್ಲ. ಹಳೆಯ ಹೀಟ್ ಶೀಲ್ಡ್ ಹೊಸ ಕ್ಯಾಟಿಗೆ ಹೊಂದುವುದಿಲ್ಲ, ಹೊಂದುವುದಿಲ್ಲವೆಂದು ಮೂಲೆಗೆ ಬಿಸಾಡುತ್ತಾರೆ. ಬೇಕಾದದ್ದು ಅಳತೆಗೆ ಬಾಗಿಸಿದ ಎರಡು ತಗಡು: ಒಂದು ಕ್ಯಾಟಿನ ಮೇಲೆ, ಪೆಟ್ರೋಲ್ ಪೈಪನ್ನೂ ಕಾರಿನ ನೆಲವನ್ನೂ ಕಾಯಲು, ಇನ್ನೊಂದು ಕೆಳಗೆ, ಹುಲ್ಲಿನ ಕಡೆಗೆ. ತಗಡಿಗೂ ಡಬ್ಬಿಗೂ ನಡುವೆ ಗಾಳಿ ಆಡುವಷ್ಟು ಸಂದು ಬಿಡಬೇಕು, ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರಬೇಕು.